ಕುಂಬಾರ ಕಪ್ಪೆಯ ಕತ್ತಲೆಕಾನು

ಮಳೆ ಹಿಂದೆಗೆದರೆ ಗುರ್ಜಿ ಹೊತ್ತು ಮನೆಮನೆ ಸುತ್ತುವುದು, ಕಪ್ಪೆಗಳಿಗೆ ಮದುವೆ ಮಾಡುವುದು ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಸೀಮೆಗೆ ಹೊಸತಲ್ಲ. ಕಪ್ಪೆ ಕೂಗಿದರೆ ಮಳೆ ಎಂಬ ನಂಬಿಕೆ ಅಲ್ಲಿಯ ಜನರದು. ನೀರು ಉಳಿದರಷ್ಟೇ ಕಪ್ಪೆ ಉಳಿದೀತು ಎಂಬ ಪಾಠವನ್ನು ಕಲಿಯಬೇಕಾದರೆ ಕಿತ್ತೂರು ದಾಟಿ, ಹುಬ್ಬಳ್ಳಿ, ಮುಂಡಗೋಡ, ಶಿರಸಿ ಮಾರ್ಗವಾಗಿ ಸಿದ್ದಾಪುರ ತಾಲ್ಲೂಕಿಗೆ ಬರಬೇಕು.

ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಹೋಗುವ ರಸ್ತೆಯಲ್ಲಿ ಸಿಗುತ್ತದೆ ಕತ್ತಲೆಕಾನು. ಹಗಲಲ್ಲೂ ಮಬ್ಬುಗತ್ತಲೆ. ಕಾನು ಎಂದರೆ ದೇವರ ಹೆಸರಿನಲ್ಲಿ ಹಿಂದಿನವರು ಕಾಯ್ದುಕೊಂಡು ಬಂದ ನಿತ್ಯಹರಿದ್ವರ್ಣ ಕಾಡು. ಇದರ ತಗ್ಗಿನಲ್ಲಿ ಸದಾ ನೀರು ಜಿನುಗುವ ಜೌಗು. ಅಲ್ಲಿ ರಾಮಪತ್ರೆಯ ಮರಗಳು ಕಾಂಡದಿಂದಲೇ ಊರುಗೋಲಿನಂಥ ಬೇರು ಇಳಿಬಿಟ್ಟು ಕೆಸರಿನಲ್ಲಿ ನಿಂತಿವೆ. ಗೇರಿನ ಬಳಗದ ಅಪರೂಪದ ಮರವೊಂದಕ್ಕೆ 2000ರಲ್ಲಿ ವಿಜ್ಞಾನಿಗಳು 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ಈ ಜಾಗದ ಹೆಸರನ್ನೇ ಇಟ್ಟಿದ್ದಾರೆ.

ಇಲ್ಲಿಯ ಹಳ್ಳದಲ್ಲಿ ಇರುಳು ಹೊತ್ತಿಗೆ ಎಚ್ಚರಾಗುವ ಪುಟ್ಟ ಕಪ್ಪೆಯೊಂದನ್ನು ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದರು. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸುತ್ತದೆ. ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಎತ್ತಿ ತಂದು, ಹಿಂಗಾಲಿನ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮಣ್ಣಿನ ಕೆಲಸದಿಂದಲೇ ಅದು 'ನಿಕ್ಟಿಬ್ಯಾಟ್ರಾಕಸ್ ಕುಂಬಾರ'. ಮೊಟ್ಟೆ ಒಣಗದಿರಲಿ, ವೈರಿಗಳ ಕಣ್ಣಿಗೆ ಬೀಳದಿರಲಿ ಎಂದು ಈ ಉಪಾಯವಿರಬೇಕೆಂಬುದು ಸಂಶೋಧಕರ ಊಹೆ. ಮರಿಗಳು ಕೆಳಗಿನ ನೀರಿಗೆ ಜಾರುತ್ತವೆ. ನೀರಿಲ್ಲದಿದ್ದರೆ ಇಷ್ಟೆಲ್ಲ ದುಡಿಮೆ ವ್ಯರ್ಥ.

ಆತಂಕವಿರುವುದು ಇಲ್ಲೇ. ಇಂಥ ಜೌಗುಗಳು ಹಿಂದಿನಿಂದಲೂ ಗದ್ದೆ, ಅಡಿಕೆ ತೋಟಗಳಾಗಿ ಕರಗಿ, ಈಗ ಅಲ್ಲೊಂದು ಇಲ್ಲೊಂದು ತುಣುಕಾಗಿ ಉಳಿದಿವೆ. ಹಳ್ಳದ ನೀರನ್ನು ತಿರುಗಿಸಿದರೆ, ಮೇಲಿನ ಮರ ಕಡಿದರೆ ಕೆಸರು ಒಣಗುತ್ತದೆ. ಮಳೆನೀರನ್ನು ಹೀರಿಟ್ಟು ಬೇಸಿಗೆಯಲ್ಲಿ ಬಿಡುವ ಜೌಗು ಹೋದರೆ ನಷ್ಟ ಕಪ್ಪೆಗಷ್ಟೇ ಅಲ್ಲ, ಕೆಳಗಿನ ತೋಟಿಗರಿಗೂ ಹೌದು.

ಮರಳುಗಾಡಿನಲ್ಲೂ ಇದೇ ಕಥೆ. ಅಮೆರಿಕದ ನೆವಾಡಾ ರಾಜ್ಯದ ಡಿಕ್ಸಿ ಕಣಿವೆಯ ಬಿಸಿನೀರಿನ ಊಟೆಗಳ ಜೌಗಿನಲ್ಲಿ ಮಾತ್ರ ಬದುಕುವ ನೆಲಗಪ್ಪೆಯೊಂದನ್ನು 2017ರಲ್ಲಿ ಗುರುತಿಸಲಾಯಿತು. ಭೂಶಾಖದ ವಿದ್ಯುತ್ ಯೋಜನೆಯಿಂದ ಊಟೆಗೆ ಕುತ್ತು ಬಂದೀತೆಂದು 2022ರಲ್ಲಿ ಅದನ್ನು ತುರ್ತಾಗಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ಕತ್ತಲೆಕಾನಿಗೆ ಪ್ರವಾಸ ಹೋಗುವ ಶಾಲೆಗಳವರು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು, ಜೌಗಿನಲ್ಲಿ ಕಾಲಿಡಬಾರದು. ಹೋಗಲಾಗದ ಮಕ್ಕಳು ತಮ್ಮೂರ ಕೆರೆ, ಹೊಂಡದ ದಂಡೆಯಲ್ಲಿ ಕೆಲಸ ಆರಂಭಿಸಬಹುದು: ಮೊದಲ ಮಳೆ ಬಿದ್ದ ದಿನ, ಕಪ್ಪೆ ಕೂಗಿದ ದಿನ, ನೀರು ಬತ್ತಿದ ದಿನ. ಈ ಮೂರನ್ನೂ ವರ್ಷ ವರ್ಷ ಬರೆದಿಟ್ಟ ನೋಟ್‌ಬುಕ್ಕು ಊರಿಗೇ ಒಂದು ದಾಖಲೆ.