ಗೋಲಗುಂಬಜ: ದೂರು ಓದಿ ಹೊರಟಾಗ

ಪ್ರವಾಸಕ್ಕೆ ಹೊರಡುವ ಮುನ್ನ ಮೊಬೈಲಿನಲ್ಲಿ ಜನರ ಅಭಿಪ್ರಾಯ ಓದುವುದು ಈಗ ಮನೆಮನೆಯ ರೂಢಿ. ಹತ್ತು ಹೊಗಳಿಕೆ ಮರೆತುಹೋಗುತ್ತದೆ, ಒಂದು ದೂರು ಮನಸ್ಸಿನಲ್ಲಿ ಕೂರುತ್ತದೆ. ವಿಜಯಪುರದ ಗೋಲಗುಂಬಜದ ಬಗ್ಗೆಯೂ ಬರೀ ಕಿರುಚಾಟ, ಕಡಿದಾದ ಮೆಟ್ಟಿಲು ಎಂಬ ದೂರುಗಳಿವೆ. ಸುಳ್ಳಲ್ಲ.

1656ರಲ್ಲಿ ಪೂರ್ಣಗೊಂಡ, ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗಿನ ಗ್ಯಾಲರಿಯಲ್ಲಿ ಪಿಸುಗುಟ್ಟಿದರೂ ಎದುರು ಬದಿಗೆ ಕೇಳಿಸುತ್ತದೆ. ಶಾಲಾ ಪ್ರವಾಸದ ಮಕ್ಕಳು ಕೂಗಿದರೆ ಕಿವಿಗಡಚಿಕ್ಕುವಷ್ಟು ಮೊಳಗುತ್ತದೆ. ದೂರಿದವರು ಯಾವ ತಿಂಗಳು, ಯಾವ ಹೊತ್ತಿಗೆ ಹೋಗಿದ್ದರೆಂದು ನೋಡಬೇಕು. ಬೆಳಿಗ್ಗೆ ಬೇಗ ಹೋದರೆ ಗದ್ದಲ ಕಡಿಮೆ. ಮೆಟ್ಟಿಲು ಮಾತ್ರ ಯಾವಾಗ ಹೋದರೂ ಕಡಿದೇ. ಮಂಡಿನೋವಿನ ನಮ್ಮತ್ತೆಗೆ ಆ ದೂರು ಉಪಕಾರವನ್ನೇ ಮಾಡಿತು. ಅವರು ಕೆಳಗೆ ನೆರಳಲ್ಲಿ ಕುಳಿತರು. ಮೇಲೆ ಮಗಳು ಗೋಡೆಗೆ ಬಾಯಿಟ್ಟು ಮೆಲ್ಲಗೆ 'ಅಬ್ಬಾ' ಎಂದಳು. ಆಚೆ ಬದಿಯಲ್ಲಿದ್ದ ನಮ್ಮವರು ತಿರುಗಿ ನೋಡಿದರು.