ಒಂದು ‘ಹ್ಯಾಡ್’ನ ಸುತ್ತ

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳಲ್ಲಿ ಒಂದು ರೈಲಿದೆ. ಅದನ್ನು ಹಿಡಿದವರು ಇದುವರೆಗೆ ಒಬ್ಬರೂ ಇಲ್ಲ. ‘ನಾನು ಸ್ಟೇಷನ್ ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು.’ ಅದರ ಪಕ್ಕದಲ್ಲೇ ಒಬ್ಬ ರೋಗಿ. ಡಾಕ್ಟರು ಬರುವ ಮೊದಲೇ ಸತ್ತಿರುತ್ತಾನೆ. ಇನ್ನೊಬ್ಬ ಕಳ್ಳ, ಪೊಲೀಸರು ಬರುವ ಮೊದಲೇ ಓಡಿಹೋಗಿರುತ್ತಾನೆ. ನಾನು ಓದುವಾಗಲೂ ಇವರೇ, ಬಿ.ಎಡ್. ಮುಗಿಸಿ ಪಾಠ ಹೇಳಲು ನಿಂತಾಗಲೂ ಇವರೇ. ಇಷ್ಟು ವರ್ಷಗಳಲ್ಲಿ ಒಂದು ಸಲವಾದರೂ ಆ ಡಾಕ್ಟರು ಹೊತ್ತಿಗೆ ಸರಿಯಾಗಿ ಬಂದುಬಿಟ್ಟಿದ್ದರೆ ನಮ್ಮ ಮಕ್ಕಳಿಗೆ ಪಾಸ್ಟ್ ಪರ್ಫೆಕ್ಟ್ ಟೆನ್ಸ್ ಹೇಳಿಕೊಡುವುದು ಹೇಗಿತ್ತೋ ಕಾಣೆ!

ನಿಯಮವೇನೋ ಸುಲಭ. ಹಿಂದೆ ಎರಡು ಕೆಲಸ ನಡೆದಿವೆ. ಅವುಗಳಲ್ಲಿ ಮೊದಲು ಮುಗಿದದ್ದಕ್ಕೆ ‘ಹ್ಯಾಡ್’ ಸೇರಿಸಿ ಕ್ರಿಯಾಪದದ ಮೂರನೆಯ ರೂಪ ಹಾಕಬೇಕು. ಆಮೇಲಿನದಕ್ಕೆ ಎರಡನೆಯ ರೂಪ ಸಾಕು. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್.’ ಇಲ್ಲಿ ‘ಹ್ಯಾಡ್’ ತೆಗೆದುಬಿಟ್ಟರೆ, ನಾನು ತಲುಪಿದೆ, ಆಗ ರೈಲು ಹೊರಟಿತು ಎಂದಾಗುತ್ತದೆ; ಓಡಿದರೆ ಕೊನೆಯ ಡಬ್ಬಿಯಾದರೂ ಸಿಕ್ಕೀತು. ‘ಹ್ಯಾಡ್’ ಇದ್ದರೆ ಓಡಿ ಪ್ರಯೋಜನವಿಲ್ಲ. ‘ಬಿಫೋರ್’ ಎಂಬ ಮಾತು ಜೊತೆಗಿದ್ದರೆ ಯಾವುದು ಮೊದಲು ಎಂಬುದು ಹೇಗೂ ತಿಳಿಯುವುದರಿಂದ ‘ಹ್ಯಾಡ್’ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಇದನ್ನು ಪರೀಕ್ಷೆಗೆ ಮುಂಚೆ ಮಕ್ಕಳಿಗೆ ಹೇಳದಿರುವುದೇ ಕ್ಷೇಮ.

ನಮ್ಮ ಕಾಲದಲ್ಲಿ ಇದಕ್ಕೆಲ್ಲ ಪ್ರಮಾಣಗ್ರಂಥವೆಂದರೆ ರೆನ್ ಮತ್ತು ಮಾರ್ಟಿನ್. ಈ ರೆನ್ ಸಾಹೇಬರನ್ನು ನಾನು ಬಹಳ ಕಾಲ ಸಿಡುಕು ಮೋರೆಯ ಮೇಷ್ಟರೆಂದೇ ಭಾವಿಸಿದ್ದೆ. ಆಮೇಲೆ ನೋಡಿದರೆ ಮನುಷ್ಯ ಕಾದಂಬರಿಕಾರ! ಮುಂಬಯಿಯಲ್ಲಿ ಶಿಕ್ಷಣ ಇಲಾಖೆಯ ನೌಕರಿ ಮಾಡಿದವರು, 1924ರಲ್ಲಿ ‘ಬ್ಯೂ ಜೆಸ್ಟ್’ ಎಂಬ ಮರಳುಗಾಡಿನ ಸಿಪಾಯಿಗಳ ಕಥೆ ಬರೆದು ಹೆಸರು ಮಾಡಿದರಂತೆ. ಅಂಥವರ ಪುಸ್ತಕವನ್ನು ನಾವು ಉರುಹೊಡೆದದ್ದು ಮಾತ್ರ ವ್ಯಾಕರಣಕ್ಕಾಗಿ.

ನಮ್ಮ ಮಕ್ಕಳು ‘ಹ್ಯಾಡ್’ ಬಾರದೆ ತಪ್ಪು ಮಾಡುತ್ತಾರೆಂದು ತಿಳಿಯಬೇಡಿ. ಅದು ಅವರಿಗೆ ಅಗತ್ಯಕ್ಕಿಂತ ಹೆಚ್ಚಾಗಿಯೇ ಬರುತ್ತದೆ. ಸೋಮವಾರ ಬೆಳಿಗ್ಗೆ, “ಶನಿವಾರ ಯಾಕೆ ಬರಲಿಲ್ಲ?” ಎಂದು ಕೇಳಿ ನೋಡಿ. “ಐ ಹ್ಯಾಡ್ ಗಾನ್ ಟು ಅಜ್ಜಿ ಹೌಸ್, ಮಿಸ್” ಎಂಬ ಉತ್ತರ ಸಿದ್ಧ. ಇಂಗ್ಲಿಷಿನವರಾದರೆ ‘ಐ ವೆಂಟ್’ ಎನ್ನುತ್ತಾರೆ. ‘ಹ್ಯಾಡ್ ಗಾನ್’ ಎಂದರೆ, ಯಾವಾಗಿಗಿಂತ ಮೊದಲು, ಆಮೇಲೆ ಏನಾಯಿತು ಎಂದು ಕಾಯುತ್ತಾ ನಿಲ್ಲುತ್ತಾರೆ. ನಮ್ಮ ಹುಡುಗ ಹೇಳುತ್ತಿರುವುದು ‘ಹೋಗಿದ್ದೆ’ ಎಂದು. ಹೋದೆ, ಅಲ್ಲಿದ್ದೆ, ಈಗ ಬಂದಿದ್ದೇನೆ ಎಂಬ ಮೂರೂ ಆ ಒಂದು ಮಾತಿನಲ್ಲಿವೆ. ಇಂಗ್ಲಿಷಿನ ‘ಹ್ಯಾಡ್’ಗೆ ಹಿಂದಿನ ಇನ್ನೊಂದು ಘಟನೆಯ ಆಸರೆ ಬೇಕು. ನಮ್ಮ ‘ಇದ್ದೆ’ಗೆ ಅದರ ಹಂಗಿಲ್ಲ, ಆಗ ಇತ್ತು, ಈಗ ಇಲ್ಲ ಎಂದು ಇವತ್ತಿನ ಕಡೆಗೇ ನೋಡುತ್ತದೆ. ಆದರೂ ನಮ್ಮ ಶಾಲೆಯ ಕನ್ನಡ ವ್ಯಾಕರಣದಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರೇ ಕಾಲಗಳು. ಈ ‘ಇದ್ದೆ’ಗೆ ಪ್ರತ್ಯೇಕ ಕೋಣೆ ಕೊಟ್ಟಿಲ್ಲ. ಸಂಸ್ಕೃತದವರು ಮಾತ್ರ ಭೂತಕಾಲಕ್ಕೇ ಮೂರು ಲಕಾರಗಳನ್ನಿಟ್ಟು, ಅದರಲ್ಲೊಂದನ್ನು ತಾನು ಕಣ್ಣಾರೆ ಕಾಣದೆ ಹೇಳುವ ಸಂಗತಿಗೆಂದೇ ಮೀಸಲಿಟ್ಟರು. ನಮ್ಮ ಬೀದಿಯ ನಲ್ಲಿಕಟ್ಟೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತಿತ್ತು!

ಈ ‘ಇದ್ದ’ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಮದುವೆಯಾದ ಹೊಸತು. ಶಾಲೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತದೆ, “ನಿಮ್ಮಪ್ಪ ಬಂದಿದ್ದರು” ಎಂದರು. ‘ಬಂದಿದ್ದಾರೆ’ ಎಂದಿದ್ದರೆ ಒಳಗೆ ಓಡುತ್ತಿದ್ದೆ. ಆ ‘ದ್ದಾ’ಕ್ಕೂ ‘ದ್ದ’ಕ್ಕೂ ನಡುವೆ ನಾಲ್ಕೂವರೆಯ ಬಸ್ಸು ಹೋಗಿಯಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಒಂದು ಕೈಚೀಲ. ಅದರಲ್ಲಿ ತೆಂಗಿನಕಾಯಿ, ಅಮ್ಮ ಕಟ್ಟಿ ಬಾಳೆಲೆಯಲ್ಲಿ ಸುತ್ತಿದ್ದ ಒಂದು ಮೊಳ ಕನಕಾಂಬರ. “ಇರಿ ಅನ್ನಲಿಲ್ಲವೇ?” ಎಂದು ಕೇಳುವ ಧೈರ್ಯ ಆಗಿನ ಸೊಸೆಯರಿಗೆ ಎಲ್ಲಿಂದ ಬರಬೇಕು? ಹೂವು ಮುಡಿದುಕೊಂಡು ಒಲೆ ಹಚ್ಚಿದೆ.

ಆದ್ದರಿಂದಲೇ ಇರಬೇಕು, ರೈಲು ಮತ್ತು ರೋಗಿಯನ್ನು ಬಿಟ್ಟು ಮನೆಯ ಉದಾಹರಣೆ ಕೊಡುವುದು ನನಗೆ ರೂಢಿಯಾಯಿತು. ‘ವೆನ್ ಐ ವೆಂಟ್ ಟು ದ ಕಿಚನ್, ದ ಮಿಲ್ಕ್ ಹ್ಯಾಡ್ ಬಾಯಿಲ್ಡ್ ಓವರ್.’ ಹಾಲು ಉಕ್ಕಿಹೋಗಿತ್ತು ಎಂದೊಡನೆ ಹೆಣ್ಣುಮಕ್ಕಳ ಬೆಂಚುಗಳಲ್ಲಿ ನಗೆ. ಒಲೆಯ ಮೇಲೆ ಸೀದ ಹಾಲನ್ನು ಉಜ್ಜಿದವರಿಗೆ ‘ಹ್ಯಾಡ್’ ಬೇಗ ಅರ್ಥವಾಗುತ್ತದೆ. ಆಮೇಲೆ, ನಿಮ್ಮ ನಿಮ್ಮ ಮನೆಯಿಂದ ಒಂದೊಂದು ವಾಕ್ಯ ಬರೆದು ತನ್ನಿ ಎನ್ನುತ್ತೇನೆ.

2019ರ ಜನವರಿಯಲ್ಲಿ ಹತ್ತನೆಯ ತರಗತಿಗೆ ಹೀಗೇ ಹೇಳಿದ್ದೆ. ಮರುದಿನ ಸ್ಟಾಫ್ ರೂಮಿನಲ್ಲಿ ನೋಟುಬುಕ್ಕುಗಳ ರಾಶಿ. ‘ವೆನ್ ಐ ವೆಂಟ್ ಟು ದ ಟ್ಯಾಪ್, ದ ವಾಟರ್ ಹ್ಯಾಡ್ ಸ್ಟಾಪ್ಡ್.’ ಸರಿ. ‘ವೆನ್ ಐ ವೋಕ್ ಅಪ್, ಮೈ ಮದರ್ ಹ್ಯಾಡ್ ಗಾನ್ ಟು ಗಾರ್ಮೆಂಟ್ಸ್.’ ಅದೂ ಸರಿ. ಮೂರನೆಯದೋ ನಾಲ್ಕನೆಯದೋ ಪುಸ್ತಕದಲ್ಲಿ, ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ: ‘ಬಿಫೋರ್ ದ ರಿಸಲ್ಟ್ ಕೇಮ್, ಮೈ ಫಾದರ್ ಹ್ಯಾಡ್ ಫಿಕ್ಸ್ಡ್ ಮೈ ಮ್ಯಾರೇಜ್.’

ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಕೆಂಪು ಪೆನ್ನು ತಾನೇ ಗುರುತು ಹಾಕಿತು, ಆಮೇಲೆ ಕೈ ನಿಂತಿತು. ಪರೀಕ್ಷೆಗೇ ಇನ್ನೂ ಎರಡು ತಿಂಗಳಿತ್ತು. ಬಾರದ ರಿಸಲ್ಟು ಈ ಹುಡುಗಿಯ ವಾಕ್ಯದಲ್ಲಿ ಆಗಲೇ ಭೂತಕಾಲಕ್ಕೆ ಸೇರಿಹೋಗಿತ್ತು.

ಊಟದ ಬಿಡುವಿನಲ್ಲಿ ಕರೆದು, “ಇದು ನಿಜವೇನೇ?” ಎಂದೆ. “ಎಗ್ಸಾಂಪಲ್, ಮಿಸ್” ಎಂದಳು, ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ. ಆ ಸುತ್ತುವಿಕೆಯನ್ನು ನೋಡಿಯೇ ಸಂಜೆ ಹೆಡ್‌ಮಿಸ್ಟ್ರೆಸ್ ಜೊತೆಗೆ ಅವರ ಮನೆಗೆ ಹೋದೆ. ಅಪ್ಪ ಮಂಡಿಯಲ್ಲಿ ಹಮಾಲಿ ಮುಗಿಸಿ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದರು. ಮರ್ಯಾದಸ್ಥರು, ಚಾಪೆ ಹಾಸಿಸಿ ಟೀ ಕೊಡಿಸಿದರು. “ಒಳ್ಳೆ ಕಡೆಯವರು ಮಿಸ್, ವರದಕ್ಷಿಣೆ ಕೇಳಿಲ್ಲ. ಮಾತು ಆಗಿದೆ” ಎಂದರು. ಆಗಿದೆ! ಆ ‘ಇದೆ’ ನನ್ನ ಎದೆಗೆ ಕುಟ್ಟಿದಂತಾಯಿತು.

ಹೆಡ್‌ಮಿಸ್ಟ್ರೆಸ್ ಕಾನೂನು ಹೇಳಿದರು. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯ್ದೆಯಂತೆ ಅಪರಾಧ. ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಮದುವೆ ಮಾಡಿಸಿದ ಪುರೋಹಿತರನ್ನೂ ಬಿಡುವುದಿಲ್ಲ. 1098ಕ್ಕೆ ಯಾರು ಬೇಕಾದರೂ ಫೋನು ಮಾಡಬಹುದು. ಅಪ್ಪ ಸುಮ್ಮನೆ ಕೇಳಿ, “ಕಾನೂನಿನವರು ನನ್ನ ಮನೆ ಬಾಡಿಗೆ ಕಟ್ತಾರಾ ಮಿಸ್?” ಎಂದರು. ಅದಕ್ಕೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ನಾನು ಅವಳ ನೋಟುಬುಕ್ಕು ತೆಗೆದು ತಾಯಿಯ ಕೈಗೆ ಕೊಟ್ಟು, ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಆಕೆ ಓದಲು ಬಾರದ ಆ ಸಾಲಿನ ಮೇಲೆ ಒಂದು ಸಲ ಬೆರಳಾಡಿಸಿ ಪುಸ್ತಕ ಮುಚ್ಚಿದರು. ಮಗಳು ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

ಆಮೇಲೆ ಮೂರು ವಾರ ಸುದ್ದಿಯಿಲ್ಲ. ಹುಡುಗಿ ಶಾಲೆಗೆ ಬರುತ್ತಿದ್ದಳು, ಹೋಗುತ್ತಿದ್ದಳು. ಕೇಳಿದರೆ “ಗೊತ್ತಿಲ್ಲ ಮಿಸ್” ಎನ್ನುತ್ತಿದ್ದಳು. ಒಂದು ದಿನ ಬೆಳಿಗ್ಗೆ, ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ, ಅವಳ ತಾಯಿ ಗೇಟಿನ ಬಳಿ ನಿಂತಿದ್ದರು. ಗಾರ್ಮೆಂಟ್ಸ್ ಗಾಡಿಗೆ ಹೊತ್ತಾಗಿತ್ತೆಂದು ಕಾಣುತ್ತದೆ, ಟಿಫಿನ್ ಡಬ್ಬಿ ಕೈಯಲ್ಲೇ ಇತ್ತು.

“ಮಾತು ಆಗಿತ್ತು ಮಿಸ್” ಎಂದರು.

“ಆಗಿತ್ತಾ?” ಎಂದೆ, ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು.

“ಹೂಂ, ಆಗಿತ್ತು. ಎರಡು ವರ್ಷ ಹೋಗಲಿ ಅಂದೆ. ಅವರು ಬೇರೆ ಕಡೆ ನೋಡ್ಕೊಂಡ್ರು. ನಮ್ಮನೆಯವರು ಇನ್ನೂ ಮಾತಾಡ್ತಿಲ್ಲ ನನ್ನ ಹತ್ರ.” ಅಷ್ಟು ಹೇಳಿ, ಗಾಡಿಯ ಹಾರ್ನ್ ಕೇಳಿ ಓಡಿದರು.

ಅವತ್ತು ಮೊದಲ ಪೀರಿಯಡ್ಡಿಗೆ ಇನ್‌ಡೈರೆಕ್ಟ್ ಸ್ಪೀಚ್ ಶುರುಮಾಡಬೇಕಿತ್ತು. ಕನ್ನಡದಲ್ಲಿ ‘ಎಂದು’ ಎಂಬುದೊಂದನ್ನು ಸೇರಿಸಿದರೆ ಆಡಿದವರ ಮಾತು ಆಡಿದ ಹಾಗೆಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ಸೆಡ್’ ಬಂದರೆ ‘ಕೇಮ್’ ಕೂಡ ‘ಹ್ಯಾಡ್ ಕಮ್’ ಆಗಬೇಕು. ಬೋರ್ಡಿನ ಮೇಲೆ ಬರೆದು ತಿರುಗಿದೆ. ಅವಳು ಎರಡನೆಯ ಬೆಂಚಿನಲ್ಲಿ, ಪೆನ್ಸಿಲಿನಿಂದ ಮಾರ್ಜಿನ್ ಎಳೆಯುತ್ತಾ ಕೂತಿದ್ದಳು.