ಮೊಮ್ಮಗಳೊಂದಿಗೆ ಕಲಿತ ಪಾಠ

ನನ್ನ ತಂದೆಯವರು ಶಿವನಸಮುದ್ರದ ವಿದ್ಯುದಾಗಾರದಲ್ಲಿ ನೌಕರರಾಗಿದ್ದರು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಆ ಊರಿನಲ್ಲಿಯೇ ನನ್ನ ಬಾಲ್ಯ ಕಳೆಯಿತು. ಹಿರಿಯ ಇಂಜಿನಿಯರರೊಬ್ಬರು ಕೊಟ್ಟ ಹಳೆಯ ಮರದ ರ‍್ಯಾಕೆಟ್ಟಿನಿಂದ ಮನೆಯ ಹಿಂಗೋಡೆಗೆ ಚೆಂಡು ಹೊಡೆಯುತ್ತಲೇ ಟೆನಿಸ್ ಕಲಿತೆ. ಹೇಳಿಕೊಡುವವರಿರಲಿಲ್ಲ, ತೋಳಿನ ಬಲವೊಂದನ್ನೇ ನಂಬಿದ್ದೆ.

ಅದೇ ವಿದ್ಯೆಯನ್ನು ಎರಡು ವರ್ಷಗಳ ಹಿಂದೆ ಹತ್ತು ವರ್ಷದ ಮೊಮ್ಮಗಳಿಗೆ ಧಾರೆಯೆರೆದೆ. "ಜೋರಾಗಿ ಬೀಸು ಮಗು" ಎಂಬುದೇ ನನ್ನ ಉಪದೇಶ. ಆರು ತಿಂಗಳಲ್ಲಿ ಅವಳ ಮೊಣಕೈ ನೋಯತೊಡಗಿತು. ವೈದ್ಯರು ಆಟ ನಿಲ್ಲಿಸಲು ಹೇಳಿದರು. "ತಾತ, ನಾನಿನ್ನು ಆಡೋ ಹಾಗೇ ಇಲ್ವಾ?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನೋವು ವಾಸಿಯಾದ ಮೇಲೆ ಮೈಸೂರಿನ ತರಬೇತುದಾರರೊಬ್ಬರ ಬಳಿಗೆ ಕರೆದೊಯ್ದೆ. ಅವಳ ಆಟ ನೋಡಿ ಅವರು, "ಕೈಯೊಂದೇ ದುಡಿಯುತ್ತಿದೆ. ಮೊದಲಿನಿಂದ ಆರಂಭಿಸೋಣ" ಎಂದರು. ಫೋರ್‌ಹ್ಯಾಂಡ್ ಹೊಡೆತಕ್ಕೆ ರ‍್ಯಾಕೆಟ್ಟನ್ನು ಹಸ್ತಲಾಘವ ಮಾಡುವಂತೆ ಹಿಡಿಯಬೇಕು, ಬಿಗಿಮುಷ್ಟಿ ಕೂಡದು. ಚೆಂಡು ಬರುತ್ತಿದ್ದಂತೆಯೇ ಭುಜಗಳು ತಿರುಗಬೇಕು. ಚೆಂಡನ್ನು ದೇಹದ ಮುಂದೆಯೇ ಸಂಧಿಸಬೇಕು. ಹೊಡೆದ ಮೇಲೂ ರ‍್ಯಾಕೆಟ್ಟು ತಡೆಯಿಲ್ಲದೆ ಎದುರು ಭುಜದವರೆಗೆ ಸಾಗಬೇಕು. ಬಲೆಯ ಸಮೀಪದಲ್ಲಿ ನಿಂತು, ಮೆತ್ತನೆಯ ಚೆಂಡುಗಳಿಂದ ಇಷ್ಟನ್ನೇ ಹಲವು ವಾರ ಮಾಡಿಸಿದರು.

ಅದು ಕೈಗೂಡಿದ ಬಳಿಕ ಎರಡನೆಯ ಮೆಟ್ಟಿಲು. ರ‍್ಯಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಒಯ್ದು ಚೆಂಡಿಗೆ ಮುಂದಕ್ಕೆ ಉರುಳುವ ಸುತ್ತನ್ನು ಕೊಡುವುದು, ಇದೇ ಟಾಪ್‌ಸ್ಪಿನ್. ನಡುವೆ 3 ಅಡಿ ಎತ್ತರವಿರುವ ಬಲೆಯನ್ನು ಸಾಕಷ್ಟು ಮೇಲಿನಿಂದ ದಾಟಿದರೂ ಚೆಂಡು ಈ ಸುತ್ತಿನಿಂದ ಬಾಗಿ ಅಂಕಣದೊಳಗೆ ಬೀಳುತ್ತದೆ. ಮೂರನೆಯದು ಕಾಲಿನ ಕೆಲಸ. ಎದುರಾಳಿ ಹೊಡೆಯುವ ಕ್ಷಣದಲ್ಲಿ ಪುಟ್ಟ ಜಿಗಿತ ಹಾಕಿ ಯಾವ ದಿಕ್ಕಿಗಾದರೂ ಸಿದ್ಧವಾಗುವುದು, ಹೊಡೆದೊಡನೆ ಸ್ವಸ್ಥಾನಕ್ಕೆ ಮರಳುವುದು.

ಹೊಡೆತದ ಬಲ ಪಾದದಿಂದ ಹೊರಟು ಮೊಣಕಾಲು, ಸೊಂಟ, ಭುಜಗಳ ಮೂಲಕ ಕಡೆಗೆ ಕೈಯನ್ನು ಸೇರುತ್ತದೆಂದು ಅವರು ವಿವರಿಸಿದಾಗ ನನಗೆ ನನ್ನೂರಿನ ವಿದ್ಯುದಾಗಾರ ನೆನಪಾಯಿತು. ಎತ್ತರದ ನೀರು ಕೊಳವೆಗಳಲ್ಲಿ ಧುಮುಕಿ ಬಂದಾಗ ಚಕ್ರ ತಿರುಗುತ್ತದೆ. ಚಕ್ರಕ್ಕೆ ಸ್ವಂತ ಬಲವಿಲ್ಲ. ಬಾಲ್ಯವೆಲ್ಲ ಅದನ್ನು ನೋಡಿಯೂ ನಾನು ಕೈಯನ್ನೇ ನಂಬಿದ್ದೆನಲ್ಲ!

ಕೊಡಗಿನ ರೋಹನ್ ಬೋಪಣ್ಣನವರು ಮ್ಯಾಥ್ಯೂ ಎಬ್ಡೆನ್ ಅವರೊಡಗೂಡಿ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದಾಗ ಅವರಿಗೆ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಅದೇ ಅವರ ಮೊದಲ ಗ್ರ್ಯಾಂಡ್‌ಸ್ಲಾಮ್. ಆ ಸುದ್ದಿಯನ್ನು ಮೊಮ್ಮಗಳಿಗೆ ಹೇಳಿ, ಆತುರ ಬೇಡವೆಂದೆ. ಆತುರ ನನ್ನದೇ ಆಗಿತ್ತೆಂಬುದು ಹೇಳುವಾಗಲೇ ಅರಿವಾಯಿತು.

ಈಗ ಅವಳು ನೋವಿಲ್ಲದೆ ಆಡುತ್ತಿದ್ದಾಳೆ. ಅರವತ್ತೆಂಟರ ನಾನೂ ಹಿಡಿತ ಬದಲಿಸಿ ಗೋಡೆಯ ಮುಂದೆ ನಿಲ್ಲುತ್ತೇನೆ. ಚೆಂಡು ಎತ್ತೆತ್ತಲೋ ಹೋಗುತ್ತದೆ. "ತಾತ, ಮೊದಲು ಭುಜ ತಿರುಗಿಸು" ಎಂದು ಅವಳು ತಿದ್ದುತ್ತಾಳೆ. ಮಕ್ಕಳಿಗೆ ಕಲಿಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ: ನಮ್ಮ ರೂಢಿಯನ್ನೇ ವಿದ್ಯೆಯೆಂದು ದಾಟಿಸುವ ಮುನ್ನ ತಿಳಿದವರನ್ನೊಮ್ಮೆ ಕೇಳೋಣ. ಮಗು ನೋವೆಂದರೆ ಅಂದೇ ಆಟ ನಿಲ್ಲಿಸೋಣ.